ಕಾಗದದ ಮಡಿಕೆಯಲ್ಲಿ ರೇಖಾಗಣಿತ

ರೇಖಾಗಣಿತವೆಂದರೆ ಯೂಕ್ಲಿಡನ ಪ್ರಮೇಯಗಳನ್ನು ಕ್ರಮವಾಗಿ ಕಂಠಸ್ಥ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸುವ ವಿದ್ಯೆಯೆಂದೇ ನಮ್ಮ ಶಾಲೆಗಳು ಬಹುಮಟ್ಟಿಗೆ ಭಾವಿಸಿದ್ದ ಕಾಲದಲ್ಲಿ, 1893ರಲ್ಲಿ, ಮದರಾಸಿನ ಅಡಿಸನ್ ಕಂಪೆನಿಯಿಂದ ಇಂಗ್ಲಿಷಿನ ಒಂದು ಚಿಕ್ಕ ಗ್ರಂಥವು ಪ್ರಕಟವಾಯಿತು. ಕಾಗದವನ್ನು ಮಡಿಸಿ ರೇಖಾಗಣಿತವನ್ನು ಸಾಧಿಸುವ ಅಭ್ಯಾಸಗಳೇ ಅದರ ವಸ್ತು. ಅದನ್ನು ರಚಿಸಿದ ತಂಡಲಂ ಸುಂದರರಾಯರು ಉಪಾಧ್ಯಾಯರಾಗಿರದೆ ಕಂದಾಯ ಇಲಾಖೆಯ ಅಧಿಕಾರಿಗಳಾಗಿದ್ದರೆಂಬುದು ಗಮನಾರ್ಹವಾದ ಸಂಗತಿ.

ಗ್ರಂಥದ ಪ್ರೇರಣೆ ಬಂದುದು ಜರ್ಮನಿಯ ಫ್ರೋಬೆಲನ ಶಿಶುವಿಹಾರ ಪದ್ಧತಿಯಿಂದ. ಆ ಪದ್ಧತಿಯ ಆಟದ ಸಾಮಗ್ರಿಗಳಲ್ಲಿ ಎಂಟನೆಯದು ಇನ್ನೂರು ಬಣ್ಣದ ಚೌಕ ಕಾಗದಗಳ ಕಟ್ಟು. ಎಳೆಯ ಮಕ್ಕಳ ಕೈಗೆಂದು ಕಲ್ಪಿತವಾದ ಈ ವಿನೋದವನ್ನು ರಾಯರು ದೊಡ್ಡ ಮಕ್ಕಳ ಬುದ್ಧಿಗೆ ಒಡ್ಡಿದರು. ವಿದ್ಯಾರ್ಥಿಗಳು ಆಕೃತಿಗಳನ್ನು ಕಾಗದದಲ್ಲಿ ಮಡಿಸಿ ತೋರಿಸಬೇಕೆಂದು ಶಾಲೆಗಳು ಕೇಳುವುದು ಸರ್ವಥಾ ನ್ಯಾಯವೆಂಬುದು ಅವರ ಮತವಾಗಿತ್ತು.

ಅವರ ಕ್ರಮ ಸರಳವಾದುದು. ಅಂಚು ಸೊಟ್ಟಾದ ಒಂದು ಕಾಗದವನ್ನು ಮಡಿಸಿ ಒತ್ತಿ, ಮಡಿಕೆಯ ಗೆರೆಯಲ್ಲಿ ಕತ್ತರಿಸಿದರೆ ನೇರವಾದ ಅಂಚು ದೊರೆಯುತ್ತದೆ. ಆ ಅಂಚು ತನ್ನ ಮೇಲೆಯೇ ಬೀಳುವಂತೆ ಮತ್ತೊಮ್ಮೆ ಮಡಿಸಿದರೆ, ಹೊಸ ಗೆರೆಯ ಎರಡು ಪಕ್ಕದ ಕೋನಗಳೂ ಒಂದರ ಮೇಲೊಂದು ಕೂತು ಪರಸ್ಪರ ಸಮವಾಗುವುದರಿಂದ, ಲಂಬಕೋನವೆಂದರೇನೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮುಂದೆ ಚೌಕದ ನಾಲ್ಕು ಮೂಲೆಗಳನ್ನು ಕೇಂದ್ರಕ್ಕೆ ತಂದು ಮಡಿಸಿದಾಗ ಅರ್ಧ ವಿಸ್ತೀರ್ಣದ ಚೌಕವೂ, ಅದನ್ನು ಹಾಗೆಯೇ ಮಡಿಸಿದಾಗ ಕಾಲು ಭಾಗದ ಚೌಕವೂ ಹುಟ್ಟುತ್ತವೆ. ಅರ್ಧ, ಕಾಲು, ಅರೆಕಾಲು ಎಂದು ಕೂಡಿಸುತ್ತ ಹೋದರೆ ಮೊತ್ತವು ಒಂದನ್ನು ಬಯಸಿದಷ್ಟು ಸಮೀಪಿಸುತ್ತದೆಂಬ ಸತ್ಯ ಇಲ್ಲಿ ಗೋಚರವಾಗುತ್ತದೆ. ಆದರೆ ಕೆಲವು ಮಡಿಕೆಗಳಲ್ಲಿಯೇ ಕಾಗದ ದಪ್ಪವಾಗಿ ಬೆರಳಿಗೆ ಬಗ್ಗದಾಗುತ್ತದೆ. ಅನಂತದ ಮಾತನ್ನು ಆಡಬೇಕಾದುದು ಬುದ್ಧಿಯೇ. ಸಮಬಾಹು ತ್ರಿಭುಜದಿಂದ ಪಂಚಭುಜ, ಷಡ್ಭುಜಗಳಿಗೂ, ಕಡೆಗೆ ಶಂಕುಚ್ಛೇದಗಳಿಗೂ ಗ್ರಂಥವು ಏರುತ್ತದೆ. ಮಡಿಕೆಯು ವಕ್ರರೇಖೆಯನ್ನು ಮೂಡಿಸಲಾರದಾದರೂ ಅದರ ಮೇಲಿನ ಬಿಂದುಗಳನ್ನು ಬೇಕಾದಷ್ಟು ಗೊತ್ತುಮಾಡಿಕೊಡಬಲ್ಲದು.

ಗ್ರಂಥದ ಕೀರ್ತಿ ಸಮುದ್ರದಾಚೆಗೂ ಹರಡಿತು. ಜರ್ಮನಿಯ ಪ್ರಸಿದ್ಧ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಇದನ್ನು ತಮ್ಮ ಕೃತಿಯೊಂದರಲ್ಲಿ ಉಲ್ಲೇಖಿಸಿದರು. ಆ ಕೃತಿಯನ್ನು ಇಂಗ್ಲಿಷಿಗೆ ತಂದ ಅಮೆರಿಕದ ಬೀಮನ್ ಮತ್ತು ಸ್ಮಿತ್ ಎಂಬ ಪ್ರಾಧ್ಯಾಪಕರು ಅಲ್ಲಿಂದಲೇ ಮದರಾಸಿನ ಗ್ರಂಥದ ಸುಳಿವು ಹಿಡಿದು, ಅದನ್ನು ಪರಿಷ್ಕರಿಸಿ, ಮಡಿಸಿದ ಕಾಗದಗಳ ಛಾಯಾಚಿತ್ರಗಳೊಡನೆ 1901ರಲ್ಲಿ ಷಿಕಾಗೋದಿಂದ ಪ್ರಕಟಿಸಿದರು. 1936ರಲ್ಲಿ ಇಟಲಿಯ ಮಾರ್ಗರೀಟಾ ಬೆಲೋಕ್, ಅಳತೆಪಟ್ಟಿ ಕೈವಾರಗಳಿಗೆ ಅಸಾಧ್ಯವಾದ ಘನಮೂಲವೂ ಮಡಿಕೆಗೆ ಸಾಧ್ಯವೆಂದು ತೋರಿಸಿದರು. ಮಕ್ಕಳ ವಿನೋದವೆನಿಸಿದ್ದುದು ಕೈವಾರವನ್ನೂ ಮೀರಿಸಿತು.

ಇಂದು ಮಾಧ್ಯಮಿಕ ತರಗತಿಗಳಲ್ಲಿ ಕಾಗದದ ತ್ರಿಭುಜದ ಮೂರು ಮೂಲೆಗಳನ್ನು ಮಡಿಸಿ ಕೂಡಿಸಿ, ಕೋನಗಳ ಮೊತ್ತ 180 ಡಿಗ್ರಿಯೆಂದು ತೋರಿಸುವ ರೂಢಿಯುಂಟು. ಅದು ಒಳ್ಳೆಯದೇ; ಆದರೆ ಮಡಿಸಿದುದು ಒಂದು ತ್ರಿಭುಜ, ಹೇಳಿದುದು ಸಕಲ ತ್ರಿಭುಜಗಳ ಮಾತು. ಇವೆರಡರ ನಡುವಣ ಅಂತರವನ್ನು ದಾಟಿಸುವುದು ತರ್ಕ. ರಾಯರ ಗ್ರಂಥದಲ್ಲಿ ಮಡಿಕೆಯ ಬೆನ್ನಿಗೇ ಕಾರಣವೂ ಬರುತ್ತದೆ. ಬಣ್ಣದ ಕಾಗದ ಹಂಚಿ ಕಾರಣವನ್ನು ಕೇಳದೆ ಬಿಡುವ ಉಪಾಧ್ಯಾಯನು ಅವರಿಂದ ಪಡೆದುದು ಆಟವನ್ನು ಮಾತ್ರ, ಪಾಠವನ್ನಲ್ಲ.