ಒಂದು ರೈಲುಪೇಟೆಯ ಹಳೆಯ ಛಾಯಾಚಿತ್ರಗಳು

ಚರಿತ್ರೆಗೆ ಸಾಧನಗಳೆಂದರೆ ಶಾಸನ, ನಾಣ್ಯ, ಕಾಗದಪತ್ರಗಳೆಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದೀಚೆಗೆ ಇವುಗಳ ಸಾಲಿಗೆ ಛಾಯಾಚಿತ್ರವೂ ಸೇರಿದೆ. ಶಾಸನವನ್ನು ಬರೆಯಿಸಿದವನು ಉತ್ಪ್ರೇಕ್ಷೆ ಮಾಡಿರಬಹುದು. ಛಾಯಾಚಿತ್ರವಾದರೋ ಬೆಳಕಿನ ಕೈಬರಹ, ಅದು ಸುಳ್ಳಾಡಲಾರದೆಂಬ ನಂಬಿಕೆ ಬಹುಮಂದಿಯಲ್ಲಿದೆ. ಈ ನಂಬಿಕೆಯನ್ನು ಒರೆಗೆ ಹಚ್ಚುವುದಕ್ಕಾಗಿ ಅಮೆರಿಕದ ಯೂಟಾ ಪ್ರಾಂತದ ಕೊರಿನ್ ಎಂಬ ಸಣ್ಣ ರೈಲುಪೇಟೆಯ ಚಿತ್ರಗಳನ್ನು ಪರಿಶೀಲಿಸೋಣ. ಬಾನುಲಿಯಲ್ಲಿ ಚಿತ್ರವನ್ನು ತೋರಿಸುವಂತಿಲ್ಲವಾದ್ದರಿಂದ, ಶ್ರೋತೃಗಳು ಕಿವಿಯಿಂದಲೇ ನೋಡುವ ಶ್ರಮವನ್ನು ವಹಿಸಬೇಕು.

ಪೂರ್ವದಿಂದ ಯೂನಿಯನ್ ಪೆಸಿಫಿಕ್ ಕಂಪೆನಿಯೂ ಪಶ್ಚಿಮದಿಂದ ಸೆಂಟ್ರಲ್ ಪೆಸಿಫಿಕ್ ಕಂಪೆನಿಯೂ ಹಾಕುತ್ತ ಬಂದ ಕಂಬಿಗಳು ೧೮೬೯ನೆಯ ಇಸವಿ ಮೇ ೧೦ರಂದು ಪ್ರಾಮೊಂಟರಿ ಎಂಬಲ್ಲಿ ಕೂಡಿಕೊಂಡವು. ಅಲ್ಲಿಂದ ಪೂರ್ವಕ್ಕೆ ಸುಮಾರು ೨೫ ಮೈಲಿಗಳ ದೂರದಲ್ಲಿ, ಬೇರ್ ನದಿಯ ದಡದಲ್ಲಿ, ಅದೇ ವರ್ಷದ ಮಾರ್ಚಿ ತಿಂಗಳಲ್ಲಿ ಕೊರಿನ್ ಹುಟ್ಟಿತು. ಯೂಟಾ ಮಾರ್ಮನ್ ಮತಸ್ಥರು ನೆಲೆಸಿದ ನಾಡು. ಕೊರಿನ್ನನ್ನು ಕಟ್ಟಿದವರು ಆ ಮತಕ್ಕೆ ಸೇರದ ವರ್ತಕರು. ಉತ್ತರದಲ್ಲಿರುವ ಮೊಂಟಾನದ ಗಣಿಗಳಿಗೆ ಹೋಗತಕ್ಕ ಸರಕು ಇಲ್ಲಿ ರೈಲಿನಿಂದಿಳಿದು ಬಂಡಿಯೇರುತ್ತಿತ್ತು. ತಮ್ಮ ಊರೇ ಮುಂದೆ ಪ್ರಾಂತದ ರಾಜಧಾನಿಯಾಗಬೇಕೆಂಬ ಹಂಬಲವೂ ಅವರಿಗಿದ್ದಿತು.

ಈ ಊರನ್ನು ಚಿತ್ರಿಸಿದವನು ಆಂಡ್ರೂ ರಸೆಲ್. ಅಮೆರಿಕದ ಅಂತರ್ಯುದ್ಧದಲ್ಲಿ ಸೈನ್ಯದ ರೈಲುದಾರಿಗಳ ಛಾಯಾಚಿತ್ರಗಳನ್ನು ತೆಗೆದಿದ್ದ ಈತನನ್ನು ಯೂನಿಯನ್ ಪೆಸಿಫಿಕ್ ಕಂಪೆನಿ ೧೮೬೮ರಲ್ಲಿ ಕೆಲಸಕ್ಕೆ ಗೊತ್ತುಮಾಡಿಕೊಂಡಿತು. ಕಂಪೆನಿಯ ಕಾರ್ಯವನ್ನು ಜನರಿಗೆ ಮೆಚ್ಚಿಸುವುದೇ ಈ ಚಿತ್ರಗಳ ಉದ್ದೇಶವಾಗಿದ್ದಿತೆಂಬುದನ್ನು ನಾವು ಮರೆಯಬಾರದು.

ಇನ್ನು ಪೇಟೆಬೀದಿಯನ್ನು ನೋಡೋಣ. ಮರವಿಲ್ಲದ ಬಯಲು, ಅದರ ನಡುವೆ ಅಗಲವಾದ ಮಣ್ಣುಬೀದಿ, ಇಕ್ಕೆಲದಲ್ಲಿಯೂ ಹಲಗೆಯ ಅಂಗಡಿಗಳು. ಮುಂದುಗಡೆ ಚಚ್ಚೌಕವಾಗಿ ಎತ್ತರಕ್ಕೆ ನಿಲ್ಲಿಸಿದ ಗೋಡೆ, ಅದರ ಮೇಲೆ ದಪ್ಪಕ್ಷರದ ನಾಮಫಲಕ. ಹಿಂದುಗಡೆ ತಗ್ಗಾದ ಜೋಪಡಿ, ಕೆಲವಕ್ಕೆ ಡೇರೆಯ ಬಟ್ಟೆಯೇ ಮಾಡು. ನಾಟಕದ ಕಂಪೆನಿಯವರ ಪರದೆಯಲ್ಲಿ ಅರಮನೆ ಎದ್ದು ನಿಲ್ಲುವಂತೆ ಇಲ್ಲಿ ಪಟ್ಟಣವೊಂದು ಎದ್ದು ನಿಂತಿದೆ. ಇದನ್ನು ಕೇವಲ ಮೋಸವೆನ್ನಲಾಗದು. ಊರು ತಾನು ಏನಾಗಬೇಕೆಂದು ಬಯಸಿತೋ ಅದನ್ನು ಮುಂಗಟ್ಟಿನ ಮೇಲೆ ಬರೆದುಕೊಂಡಿತು.

ಆದರೆ ಬೀದಿಯಲ್ಲಿ ಜನಸಂಚಾರವೇಕೆ ವಿರಳ? ಕಾರಣ ಆ ಕಾಲದ ವಿಧಾನದಲ್ಲಿದೆ. ಗಾಜಿನ ಹಲಗೆಗೆ ಕೊಲೋಡಿಯನ್ ಎಂಬ ದ್ರವವನ್ನು ಬಳಿದು, ಬೆಳ್ಳಿಯ ಲವಣದಲ್ಲಿ ಅದ್ದಿ, ಅದು ಹಸಿಯಾಗಿರುವಾಗಲೇ ಚಿತ್ರ ತೆಗೆದು, ಕತ್ತಲೆಯ ಡೇರೆಯೊಳಗೆ ತೊಳೆದು ಮುಗಿಸಬೇಕು. ಬೆಳಕು ಕೆಲವು ಕ್ಷಣಗಳ ಕಾಲ ಬೀಳದೆ ಚಿತ್ರ ಮೂಡದು. ಆದುದರಿಂದ ಕೈಕಟ್ಟಿ ನಿಂತ ಅಂಗಡಿಯವನು ಸ್ಪಷ್ಟವಾಗಿ ಉಳಿಯುತ್ತಾನೆ; ಮೂಟೆ ಹೊತ್ತು ಅವಸರದಿಂದ ನಡೆದ ಕೂಲಿಯವನು ಹೊಗೆಯ ಗೆರೆಯಾಗುತ್ತಾನೆ, ಇಲ್ಲವೆ ಮಾಯವಾಗುತ್ತಾನೆ. ದುಡಿದವನನ್ನು ಅವನ ದುಡಿಮೆಯೇ ಚಿತ್ರದಿಂದ ಅಳಿಸಿತು.

ವಿಧಾನ ಅಳಿಸಿದವರು ಇವರಾದರೆ, ಚೌಕಟ್ಟಿನ ಹೊರಗುಳಿದವರು ಬೇರೆ ಇದ್ದಾರೆ. ಪಶ್ಚಿಮದ ಕಂಬಿಗಳನ್ನು ಹಾಕಿದವರಲ್ಲಿ ಬಹುಭಾಗ ಚೀಣೀಯರು. ಪ್ರಾಮೊಂಟರಿಯಲ್ಲಿ ಎರಡು ಎಂಜಿನ್ನುಗಳು ಎದುರುಬದುರಾಗಿ ನಿಂತ ರಸೆಲನ ಜಗತ್ಪ್ರಸಿದ್ಧ ಚಿತ್ರದಲ್ಲಿ ಅವರನ್ನು ಹುಡುಕಿ ಕಾಣುವುದು ಕಷ್ಟ. ಕೊರಿನ್ನಿನ ಚಿತ್ರದಲ್ಲಿ ಬರಿದಾಗಿ ತೋರುವ ಬಯಲಾದರೂ ಬರಿದಾಗಿರಲಿಲ್ಲ. ಅದು ಶೊಶೋನಿ ಜನರ ನೆಲ. ಇದೇ ನದಿಯ ಮೇಲ್ದಂಡೆಯಲ್ಲಿ ೧೮೬೩ರ ಜನವರಿಯಲ್ಲಿ ಸೈನಿಕರು ಅವರನ್ನು ನೂರಾರು ಸಂಖ್ಯೆಯಲ್ಲಿ ಕೊಂದಿದ್ದರು. ಉಳಿದವರಲ್ಲಿ ಕೆಲವರು ಮಾರ್ಮನ್ ಮತವನ್ನು ಸೇರಿ ಕೊರಿನ್ನಿನ ಸಮೀಪದಲ್ಲಿ ಬೇಸಾಯಕ್ಕೆ ತೊಡಗಿದಾಗ, ೧೮೭೫ರಲ್ಲಿ, ಅವರು ಊರಿನ ಮೇಲೆ ಬೀಳುವರೆಂಬ ಗುಲ್ಲನ್ನು ಪೇಟೆಯವರು ಎಬ್ಬಿಸಿದರು. ಸೈನ್ಯ ಬಂದಿತು, ಪೈರು ಹೊಲದಲ್ಲಿರುವಂತೆಯೇ ಶೊಶೋನಿಯರು ನೆಲವನ್ನು ಬಿಟ್ಟು ಹೋಗಬೇಕಾಯಿತು.

ಪೇಟೆಯ ಅಭ್ಯುದಯವೂ ಬಹುಕಾಲ ನಿಲ್ಲಲಿಲ್ಲ. ರೈಲುದಾರಿಗಳ ಕೂಡುತಾಣದ ಭಾಗ್ಯ ಆಗ್ಡನ್ ನಗರಕ್ಕೆ ಒಲಿಯಿತು. ಮಾರ್ಮನರು ೧೮೭೧ರಲ್ಲಿ ಆರಂಭಿಸಿದ ಉತ್ತರದ ದಾರಿಯನ್ನು ೧೮೭೮ರ ವೇಳೆಗೆ ಯೂನಿಯನ್ ಪೆಸಿಫಿಕ್ಕಿನವರು ಐಡಾಹೊ ಸೀಮೆಯೊಳಕ್ಕೆ ಮುಂದುವರಿಸಲು, ಮೊಂಟಾನದ ಬಂಡಿವ್ಯಾಪಾರ ಕೊರಿನ್ನಿನ ಕೈತಪ್ಪಿತು. ೧೯೦೪ರಲ್ಲಿ ಉಪ್ಪುಸರೋವರವನ್ನೇ ದಾಟುವ ನೇರದಾರಿ ತೆರೆಯಿತು. ಪ್ರಾಮೊಂಟರಿಯ ಹಳೆಯ ಕಂಬಿಗಳನ್ನು ೧೯೪೨ರಲ್ಲಿ ಯುದ್ಧದ ಉಕ್ಕಿಗಾಗಿ ಕಿತ್ತರು. ಕೊರಿನ್ ಈಗ ಒಕ್ಕಲುಮಕ್ಕಳ ಸಣ್ಣ ಊರು. ೧೮೭೦ರಲ್ಲಿ ಕಟ್ಟಿದ ಮೆಥಡಿಸ್ಟ್ ದೇವಾಲಯವೊಂದು ಅಲ್ಲಿ ಇನ್ನೂ ನಿಂತಿದೆ.

ರಸೆಲನ ಗಾಜಿನ ಹಲಗೆಗಳು ಕ್ಯಾಲಿಫೋರ್ನಿಯದ ಓಕ್ಲೆಂಡ್ ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿವೆ. ಅವು ಸುಳ್ಳಾಡುವುದಿಲ್ಲ, ನಿಜ. ಆದರೆ ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡುವ ಸಾಕ್ಷಿಗಳು ಅವು. ಹಳೆಯ ಪೇಟೆಯ ಚಿತ್ರವೊಂದು ಕೈಗೆ ಬಂದಾಗ, ಅದರಲ್ಲಿ ನಿಂತವರ ಹೆಸರನ್ನು ಕೇಳುವುದರೊಡನೆ, ಅಲ್ಲಿ ನಿಲ್ಲಲು ಬಿಡುವಿಲ್ಲದವರು ಯಾರು, ನಿಲ್ಲಗೊಡದೆ ಹೋದವರು ಯಾರು ಎಂದೂ ನಾವು ಕೇಳಬೇಕು. ಹಾಗೆ ಕೇಳಿದಾಗಲೇ ಆ ಬೀದಿಯ ಚರಿತ್ರೆ ನಮಗೆ ದೊರೆಯುತ್ತದೆ.