ಪೊದೆಗಪ್ಪೆಗಳ ಕುಲನಾಮ

ಮುಂಗಾರಿನ ಇರುಳುಗಳಲ್ಲಿ ಮಲೆನಾಡಿನ ಕುರುಚಲುಗಳ ನಡುವಿನಿಂದ ಎಡೆಬಿಡದೆ ದನಿಗೈಯುವ ಪುಟ್ಟ ಪೊದೆಗಪ್ಪೆಗಳ ನಾಮಚರಿತ್ರೆಯಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಗೌರವದ ಸ್ಥಾನವೊಂದುಂಟು. ಅಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರು, ದಕ್ಷಿಣ ಭಾರತದ ಕಪ್ಪೆಗಳನ್ನು ಸೂಕ್ಷ್ಮವಾಗಿ ಪರಿಶೀಲಿಸಿ, 1937ರಲ್ಲಿ ಅನೇಕ ನೂತನ ರೂಪಗಳನ್ನು ವರ್ಣಿಸಿದರು. ಆದರೆ ಆ ವರ್ಣನೆಗಳಿಗೆ ಆಧಾರವಾಗಿದ್ದ ಮೂಲಮಾದರಿಗಳು ಕಾಲಾಂತರದಲ್ಲಿ ಕಳೆದುಹೋದುದರಿಂದ, ಯಾವ ಹೆಸರು ಯಾವ ಜೀವಿಗೆ ಸಲ್ಲತಕ್ಕುದೆಂಬ ಸಂದೇಹವು ದೀರ್ಘಕಾಲ ಉಳಿಯಿತು.

ಈ ಕಪ್ಪೆಗಳ ಜೀವನಕ್ರಮವಾದರೋ ವಿಸ್ಮಯಕರವಾದುದು: ನೀರನ್ನು ಆಶ್ರಯಿಸದೆ ಎಲೆಯ ಮೇಲೋ ತೇವದ ನೆಲದಲ್ಲೋ ಇಟ್ಟ ತತ್ತಿಯೊಳಗೇ ಗೊದಮೊಟ್ಟೆಯ ಅವಸ್ಥೆಯು ಮುಗಿದು, ಪೂರ್ಣರೂಪದ ಮರಿಗಪ್ಪೆಯೇ ಹೊರಬರುತ್ತದೆ. ಇವುಗಳಲ್ಲಿ ಬಹುಪಾಲು ಪ್ರಭೇದಗಳು ಪಶ್ಚಿಮಘಟ್ಟಗಳಲ್ಲಲ್ಲದೆ ಜಗತ್ತಿನ ಬೇರೆಲ್ಲಿಯೂ ಇಲ್ಲ. ಕೆಲವಂತೂ ಒಂದೊಂದೇ ಗಿರಿಶಿಖರಕ್ಕೆ ಸೀಮಿತವಾಗಿವೆ.

ಆನೆಮುಡಿಯ ನೆತ್ತಿಯಲ್ಲಿ ದೊರೆತ ಕೆಂಬಣ್ಣದ ಕಪ್ಪೆಯೊಂದನ್ನು 2010ರಲ್ಲಿ ವರ್ಣಿಸುವಾಗ, ಎಸ್. ಡಿ. ಬಿಜು ಮತ್ತು ಅವರ ಸಹಶೋಧಕರು ಈ ಗುಂಪಿಗೆ ‘ರಾವೋರ್ಕೆಸ್ಟೆಸ್’ ಎಂಬ ನೂತನ ಕುಲನಾಮವನ್ನಿತ್ತು ರಾಯರ ಹೆಸರನ್ನು ಚಿರಸ್ಥಾಯಿಗೊಳಿಸಿದರು. 1932ರಲ್ಲಿ ರಾಯರೇ ಪ್ರಥಮ ಸಂಪಾದಕರಾಗಿ ಬೆಂಗಳೂರಿನಿಂದ ಹೊರತಂದ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿಯೇ ಆ ಲೇಖನವು ಪ್ರಕಟವಾದುದು ಗುರುಋಣವನ್ನು ಸಲ್ಲಿಸಿದಂತಾಯಿತು.