ಇಸವಿಯ ಅಂಕಿ, ಅಚ್ಚಿನ ಚರಿತ್ರೆ: ಆಧುನಿಕ ಕೆನಡಾ ನಾಣ್ಯಗಳಲ್ಲಿ ಇಸವಿ ಭೇದಗಳ ಗುರುತಿಸುವಿಕೆ

ಪ್ರಸ್ತಾವನೆ

ಕೆನಡಾ ನಾಣ್ಯಗಳ ಸಂಗ್ರಾಹಕರು ಒಂದೇ ಇಸವಿಯ ನಾಣ್ಯಗಳನ್ನೂ ಅಂಕಿಯ ಆಕಾರ ನೋಡಿ ಬೇರೆ ಬೇರೆಯಾಗಿ ವಿಂಗಡಿಸುತ್ತಾರೆ. 5ರ ಗೆರೆ ಮೊನಚೋ ಮೊಂಡೋ, 7ರ ಕಾಲು ನೇರವೋ ಬಾಗಿದೆಯೋ ಎಂಬುದರ ಮೇಲೆ ನಾಣ್ಯದ ಬೆಲೆ ನಿಲ್ಲುತ್ತದೆ. ಬೆಲೆಪಟ್ಟಿಗಳು ಇಂಥ ಭೇದಗಳನ್ನು ಹೆಸರಿಸುತ್ತವೆ. ಆದರೆ ಅವು ತಯಾರಿಕೆಯ ಯಾವ ಹಂತದಲ್ಲಿ ಹುಟ್ಟಿದವು ಎಂಬ ಪ್ರಶ್ನೆಗೆ ಅಲ್ಲಿ ಹೆಚ್ಚು ಜಾಗವಿಲ್ಲ. ಆ ಹಂತವನ್ನು ಗೊತ್ತುಮಾಡಿಕೊಂಡ ಮೇಲೆಯೇ ಭೇದಕ್ಕೆ ಹೆಸರಿಡಬೇಕು ಎಂಬುದು ಈ ಲೇಖನದ ವಾದ. ಹಾಗೆ ಮಾಡಿದಾಗ ಅಂಕಿಯ ಆಕಾರವೇ ಟಂಕಸಾಲೆಯ ಕೆಲಸದ ಕ್ರಮಕ್ಕೆ ಸಾಕ್ಷಿಯಾಗುತ್ತದೆ.

ಭೇದದ ಮೂರು ನೆಲೆಗಳು

ನಾಣ್ಯದ ವಿನ್ಯಾಸವನ್ನು ಮೊದಲು ಉಬ್ಬು ರೂಪದ ಉಕ್ಕಿನ ಪಂಚಿಗೆ ಇಳಿಸುತ್ತಾರೆ. ಆ ಪಂಚನ್ನು ಒತ್ತಿ ತಗ್ಗು ರೂಪದ ಅಚ್ಚುಗಳನ್ನು ತೆಗೆಯುತ್ತಾರೆ. ಲೋಹದ ಬಿಲ್ಲೆಗೆ ಬಡಿಯುವುದು ಈ ಅಚ್ಚು. ಹೀಗಾಗಿ ಪಂಚಿನಲ್ಲಿರುವ ವ್ಯತ್ಯಾಸ ಅದರಿಂದ ತೆಗೆದ ಎಲ್ಲ ಅಚ್ಚುಗಳಲ್ಲೂ ಬರುತ್ತದೆ. ಒಂದು ಅಚ್ಚಿನಲ್ಲಿ ಆದ ಬಿರುಕು, ಸವೆತ, ಅತಿಯಾದ ಪಾಲಿಶ್ ಆ ಅಚ್ಚಿನ ನಾಣ್ಯಗಳಲ್ಲಷ್ಟೇ ಕಾಣುತ್ತದೆ. ನಾಣ್ಯ ಹೊರಬಿದ್ದ ಮೇಲೆ ಆದ ಗೀರು, ಜಜ್ಜು ಆ ಒಂದು ನಾಣ್ಯದ್ದು ಮಾತ್ರ. ಇಸವಿ ಭೇದ ಎಂಬ ಹೆಸರು ಮೊದಲ ನೆಲೆಗೆ ಮೀಸಲಾಗಬೇಕು.

1955ರ ಆರ್ನ್‌ಪ್ರಯರ್ ಡಾಲರ್ ಎರಡನೆಯ ನೆಲೆಗೆ ಒಳ್ಳೆಯ ಉದಾಹರಣೆ. ಡಾಲರ್ ಮೇಲಿನ ಚಿತ್ರದಲ್ಲಿರುವ ದೋಣಿಯ ಬದಿಯ ನೀರಿನ ಗೆರೆಗಳು ಅದರಲ್ಲಿ ಪೂರ್ತಿ ಮೂಡಿಲ್ಲ. ಅಚ್ಚನ್ನು ಅತಿಯಾಗಿ ಪಾಲಿಶ್ ಮಾಡಿದ್ದೇ ಇದಕ್ಕೆ ಕಾರಣ. ಒಂಟಾರಿಯೊದ ಆರ್ನ್‌ಪ್ರಯರ್ ಊರಿನ ಸಂಸ್ಥೆಯೊಂದಕ್ಕೆ ಆ ವರ್ಷದ ಡಿಸೆಂಬರಿನಲ್ಲಿ ಕಳುಹಿಸಿದ 2,000 ಡಾಲರ್‌ಗಳಿಂದ ಈ ಹೆಸರು ಬಂತು. ನಾಣ್ಯ ಬೆಲೆಬಾಳುವುದು ನಿಜ. ಆದರೂ ಅದು ಅಚ್ಚಿನ ಸ್ಥಿತಿ, ಬೇರೆ ವಿನ್ಯಾಸವಲ್ಲ.

1947: ಎಲೆ ಮತ್ತು ಏಳು

ನಾಣ್ಯದ ಮೇಲಿನ ಇಸವಿಯೂ ಅದನ್ನು ಟಂಕಿಸಿದ ವರ್ಷವೂ ಒಂದೇ ಆಗಿರಬೇಕೆಂದಿಲ್ಲ. ಇದಕ್ಕೆ ಕೆನಡಾದಲ್ಲಿ ಸಿಗುವ ಸ್ಪಷ್ಟ ಪುರಾವೆಯ ಬೇರು ಭಾರತದಲ್ಲಿದೆ. ಆರನೆಯ ಜಾರ್ಜ್ ದೊರೆಯ ನಾಣ್ಯಗಳಲ್ಲಿ ಅವನನ್ನು ಭಾರತದ ಚಕ್ರವರ್ತಿ ಎಂದು ಸಾರುವ ಸಂಕ್ಷಿಪ್ತ ಲ್ಯಾಟಿನ್ ಬಿರುದು ಇತ್ತು. 1947ರಲ್ಲಿ ಭಾರತ ಸ್ವತಂತ್ರವಾದ ಮೇಲೆ ಆ ಬಿರುದನ್ನು ಕೈಬಿಡಬೇಕಾಯಿತು. ಹೊಸ ಬರಹಕ್ಕೆ ಬೇಕಾದ ಉಪಕರಣಗಳು ಲಂಡನ್ನಿನಿಂದ ಬರುವುದು ತಡವಾಯಿತು, ಚಿಲ್ಲರೆಯ ಬೇಡಿಕೆ ಮಾತ್ರ ಕಾಯಲಿಲ್ಲ. ಒಟ್ಟಾವಾದ ಟಂಕಸಾಲೆ 1948ರಲ್ಲೂ 1947ರ ಇಸವಿಯಲ್ಲೇ ನಾಣ್ಯ ಟಂಕಿಸಿ, ಇಸವಿಯ ಪಕ್ಕದಲ್ಲಿ ಸಣ್ಣ ಮೇಪಲ್ ಎಲೆಯೊಂದನ್ನು ಗುರುತಾಗಿ ಸೇರಿಸಿತು. 1948ರ ಇಸವಿಯೇ ಇರುವ ಬೆಳ್ಳಿ ಡಾಲರ್‌ಗಳ ಸಂಖ್ಯೆ ಕೇವಲ 18,780.

50 ಸೆಂಟ್ ನಾಣ್ಯದಲ್ಲಿ ಈ ಎಲೆ ನೇರ 7ರ ಜೊತೆಗೂ ಇದೆ, ಬಾಗಿದ 7ರ ಜೊತೆಗೂ ಇದೆ. ಎಲೆಯಿಲ್ಲದ ನಾಣ್ಯಗಳಲ್ಲೂ ಎರಡೂ ಬಗೆಯ 7 ಕಾಣುತ್ತವೆ. ಅಂದರೆ 7ರ ಭೇದ ಎಲೆಗಿಂತ ಮುಂಚಿನದು, ಎಲೆಯ ಜೊತೆ ಹುಟ್ಟಿದ್ದಲ್ಲ. ಎಲೆ ಮತ್ತು ಬಾಗಿದ 7 ಕೂಡಿರುವ ನಾಣ್ಯ ಅಪರೂಪದ್ದಾದ್ದರಿಂದ ಎರಡು ಗುರುತುಗಳನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಇದೇ ಇಸವಿಯ ಕೆಲವು 5 ಮತ್ತು 25 ಸೆಂಟ್ ನಾಣ್ಯಗಳಲ್ಲಿ ಅಂಕಿಯ ಬಳಿ ಕಾಣುವ ಚುಕ್ಕೆಯನ್ನು ಮಾತ್ರ ಎಲೆಯ ಸಾಲಿಗೆ ಸೇರಿಸುವಂತಿಲ್ಲ. ಅಚ್ಚು ಕೆಟ್ಟು ಮೂಡಿದ ಚುಕ್ಕೆ ಅದು ಎಂಬ ವಿವರಣೆಯೇ ಹೆಚ್ಚು ಒಪ್ಪುವಂಥದ್ದು.

1965: ನಾಲ್ಕನೆಯ ಜೋಡಿಯ ಸಾಕ್ಷ್ಯ

1965ರಲ್ಲಿ ಮೇರಿ ಗಿಲಿಕ್ ರೂಪಿಸಿದ್ದ ಎಲಿಜಬೆತ್ ರಾಣಿಯ ಮುಖಚಿತ್ರ ಹೋಗಿ ಆರ್ನಲ್ಡ್ ಮೇಚಿನ್ ರೂಪಿಸಿದ, ಕಿರೀಟ ತೊಟ್ಟ ಚಿತ್ರ ಬಂತು. ಆ ವರ್ಷದ ಒಂದು ಸೆಂಟ್ ನಾಣ್ಯದ ಮುಮ್ಮುಖದಲ್ಲಿ ಅಂಚಿನ ಮಣಿಗಳು ಚಿಕ್ಕವು ಮತ್ತು ದೊಡ್ಡವು ಎಂದು ಎರಡು ಬಗೆ. ಹಿಮ್ಮುಖದ 5ರಲ್ಲಿ ನೆಟ್ಟಗಿನ ಗೆರೆಯ ತುದಿ ಮೊನಚು ಅಥವಾ ಮೊಂಡು. ಚಿಕ್ಕ ಮಣಿ–ಮೊನಚು, ಚಿಕ್ಕ ಮಣಿ–ಮೊಂಡು, ದೊಡ್ಡ ಮಣಿ–ಮೊಂಡು, ದೊಡ್ಡ ಮಣಿ–ಮೊನಚು ಎಂದು ನಾಲ್ಕೂ ಜೋಡಿಗಳು ಸಿಕ್ಕಿವೆ. ಕೊನೆಯದು ಅತಿ ವಿರಳ.

ಈ ನಾಲ್ಕನೆಯ ಜೋಡಿಯನ್ನು ಬೆಲೆಯ ದೃಷ್ಟಿಯಿಂದಷ್ಟೇ ನೋಡಿದರೆ ಸಾಲದು. ಮುಮ್ಮುಖವನ್ನೂ ಹಿಮ್ಮುಖವನ್ನೂ ಒಂದೊಂದೇ ಬಾರಿ ಬದಲಿಸಿ, ಹಳೆಯ ಅಚ್ಚುಗಳನ್ನು ಅಲ್ಲಿಗೇ ನಿಲ್ಲಿಸಿದ್ದರೆ ಹೆಚ್ಚೆಂದರೆ ಮೂರು ಜೋಡಿಗಳು ಸಾಧ್ಯ: ಹಳೆಯದು–ಹಳೆಯದು, ನಡುವೆ ಒಂದು ಮಿಶ್ರಣ, ಹೊಸದು–ಹೊಸದು. ನಾಲ್ಕನೆಯದು ಇರುವುದರಿಂದ, ಕನಿಷ್ಠ ಒಂದು ಬದಿಯ ಹಳೆಯ ಅಚ್ಚು ಹೊಸದರ ಜೊತೆಜೊತೆಗೇ ಬಳಕೆಯಲ್ಲಿತ್ತು ಅಥವಾ ಮತ್ತೆ ಯಂತ್ರ ಏರಿತು ಎಂದು ತೀರ್ಮಾನಿಸಬೇಕಾಗುತ್ತದೆ. ದಾಖಲೆಯ ನೆರವಿಲ್ಲದೆ ನಾಣ್ಯಗಳೇ ಕೊಡುವ ಸಾಕ್ಷ್ಯವಿದು.

ಅದೇ ವರ್ಷದ ಬೆಳ್ಳಿ ಡಾಲರ್‌ನಲ್ಲಿ ಮಣಿಗಳಿಗೆ ಮಧ್ಯಮ ಎಂಬ ಮೂರನೆಯ ಗಾತ್ರವೂ ಇದೆ. ಮೂರು ಮುಮ್ಮುಖ, ಎರಡು ಹಿಮ್ಮುಖ ಸೇರಿ ಆರು ಜೋಡಿಗಳಾಗಬೇಕು, ಪಟ್ಟಿಗಳಲ್ಲಿರುವುದು ಐದು. ಮಧ್ಯಮ ಮಣಿಗೆ ಮೊನಚು 5 ಮಾತ್ರ ಜೊತೆ. ಸೆಂಟ್ ನಾಣ್ಯದಲ್ಲಿ ತುಂಬಿದ ಜಾಗ ಸಾಕ್ಷಿಯಾದರೆ ಡಾಲರ್‌ನಲ್ಲಿ ಖಾಲಿ ಉಳಿದ ಜಾಗವೂ ಸಾಕ್ಷಿ. ಮಧ್ಯಮ ಮಣಿಯ ಬಳಕೆ ಸೀಮಿತವಾಗಿತ್ತೆಂದು ಅದು ಸೂಚಿಸುತ್ತದೆ. 1985ರ ಸೆಂಟ್‌ನಲ್ಲೂ ಮೊನಚು ಮತ್ತು ಮೊಂಡು 5 ಮತ್ತೆ ಕಾಣುತ್ತವೆ, ಅಲ್ಲಿ ಮೊನಚು ವಿರಳ.

ಪರೀಕ್ಷೆಯ ಕ್ರಮ

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಮತ್ತು ಒಂದು ಬದಿಯಿಂದ ಬೀಳುವ ಬೆಳಕು ಸಾಕು. ನಾಣ್ಯವನ್ನು ನಿಧಾನವಾಗಿ ತಿರುಗಿಸಿ 5ರ ತುದಿಯ ನೆರಳನ್ನು ನೋಡಬೇಕು. ತಿರುಗಿಸದೆ ನೋಡಿದರೆ ಒಂದೇ ಕಡೆಯ ಬೆಳಕಿನಲ್ಲಿ ಮೊಂಡು ತುದಿಯೂ ಚೂಪಾಗಿ ತೋರಬಹುದು. ಮಣಿಯ ಗಾತ್ರವನ್ನು ಕಣ್ಣಂದಾಜಿನಲ್ಲಿ ಹೇಳುವುದಕ್ಕಿಂತ, ಬರಹದ ಅಕ್ಷರದ ತುದಿ ಮಣಿಗೆ ನೇರವಾಗಿದೆಯೋ ಎರಡು ಮಣಿಗಳ ನಡುವಿಗೋ ಎಂದು ಗುರುತು ತಿಳಿದ ನಾಣ್ಯದೊಂದಿಗೆ ಹೋಲಿಸುವುದು ಲೇಸು. ಸವೆತದಿಂದ ಮಣಿಯ ಗಾತ್ರ ಬೇರೆಯಾಗಿ ತೋರಬಹುದು, ಅದರ ಜಾಗ ಬದಲಾಗುವುದಿಲ್ಲ. ತೀರಾ ಸವೆದ 5ಕ್ಕೆ ಹೆಸರು ಹಚ್ಚದೆ ಬಿಡುವುದೇ ಪ್ರಾಮಾಣಿಕ ಕ್ರಮ.

ಸಮಾರೋಪ

ಇಸವಿ ಭೇದವನ್ನು ದಾಖಲಿಸುವಾಗ ಮುಮ್ಮುಖದ ಬಗೆ, ಹಿಮ್ಮುಖದ ಅಂಕಿಯ ಬಗೆ, ಅಚ್ಚಿನ ಸ್ಥಿತಿ ಈ ಮೂರನ್ನೂ ಬೇರೆ ಬೇರೆ ಕಲಮುಗಳಲ್ಲಿ ಬರೆಯಬೇಕು. ಒಂದೇ ಹೆಸರಿನಲ್ಲಿ ಮೂರನ್ನೂ ಬೆಸೆದರೆ ಯಾವ ಅಚ್ಚು ಯಾವುದರ ಜೊತೆ ಕೂಡಿತ್ತು ಎಂಬ ಮಾಹಿತಿ ಕಳೆದುಹೋಗುತ್ತದೆ. ಬೇರೆಯಾಗಿ ಬರೆದರೆ ಸಾಮಾನ್ಯ ಸಂಗ್ರಾಹಕರ ಪೆಟ್ಟಿಗೆಯಲ್ಲಿರುವ ಒಂದು ಸೆಂಟ್ ಕೂಡ ಟಂಕಸಾಲೆಯ ಕೆಲಸದ ಕ್ರಮವನ್ನು ತಿಳಿಯಲು ಆಧಾರವಾಗುತ್ತದೆ.